ಬ್ಯಾರೆ ನರ

ನಾನು ಶಿಗ್ಗಾಂವಿಯ ನರ್ಸಿಂಗ್ ಕಾಲೇಜಿನಲ್ಲಿ ಅಂಗರಚನೆ ಕಲಿಸುತ್ತೇನೆ. ನಮ್ಮ ಕಡೆ ನರಕ್ಕೂ ನರ ಅನ್ನುತ್ತಾರೆ, ರಕ್ತನಾಳಕ್ಕೂ ನರ ಅನ್ನುತ್ತಾರೆ. ಹುಡುಗಿಯರು ಹಾಗೆ ಬರೆದರೆ ಕೆಂಪು ಗೀಟು ಹಾಕುತ್ತೇನೆ. ಮನೆಯಲ್ಲಿ ತಿದ್ದಲಿಲ್ಲ.

ಹೋದ ವರ್ಷ ನನ್ನ ಗಂಡ ಪ್ರಭು ತೀರಿಕೊಂಡಾಗ ಡಾಕ್ಟರು ಅತ್ತೆಗೆ ಹೇಳಿದ್ದು ಇಷ್ಟೇ: ಕಣ್ಣಿನ ಹಿಂದೆ, ತಲೆಯೊಳಗಿನ ನರದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಚಿಂತೆ ಮಾಡಿ ಮಾಡಿ ಮಗನ ನರ ಸೋತವು ಎಂದು ಅತ್ತೆ ತಿಳಿದರು. ಮಾತಾಡಿಸಲು ಬಂದವರಿಗೂ ಹಾಗೇ ಹೇಳಿದರು. ಅದಕ್ಕೆ ಮೊದಲಿನ ವಾರ ಅವನ ಮೂಗಿನ ಪಕ್ಕದ ಕುರುವನ್ನು ತಾವೇ ಹಿಚುಕಿದ್ದು ಅವರಿಗೆ ಹೊಳೆಯಲೇ ಇಲ್ಲ. ಹೊಳೆದರೆ ಅವರು ಬದುಕುವುದಿಲ್ಲ ಅನ್ನಿಸಿತು. ಸುಮ್ಮನಿದ್ದೆ.

ಮೊನ್ನೆ ಸಂಜೆ ಕಾಲೇಜಿನಿಂದ ಬಂಕಾಪುರದ ಮನೆಗೆ ಬಂದಾಗ ನಾದಿನಿ ಸಮತಾ ಪಡಸಾಲೆಯಲ್ಲಿ ಮುಖ ಮೇಲೆತ್ತಿ ಕೂತಿದ್ದಳು. ಮರುದಿನ ಅವಳನ್ನು ನೋಡಲು ಸವಣೂರಿನಿಂದ ಬರುವವರಿದ್ದರು. ಮೂಗಿಗೂ ಕಣ್ಣಿಗೂ ನಡುವೆ ಕೆಂಪು ಕುರು ಎದ್ದಿತ್ತು. ಅತ್ತೆಯ ಕೈಯಲ್ಲಿ ಜಾಲಿಮುಳ್ಳು.

“ಅವರು ಎರಡು ಕಣ್ಣಿನ ಹುಡುಗಿ ಕೇಳ್ಯಾರ, ವೈನಿ. ನನಗ ಮೂರನೇದು ಮೂಡಾಕತ್ತೈತಿ,” ಎಂದಳು ಸಮತಾ.

ಮುಟ್ಟಬೇಡಿ ಎಂದೆ. ಪುಸ್ತಕ ಓದಿದವರು ಕುರುವಿಗೂ ಅಂಜುತ್ತಾರೆ ಎಂದು ಅತ್ತೆ ನಕ್ಕು, ಮಗಳ ಗಲ್ಲ ಹಿಡಿದರು. ನಾನು ಅವರ ಮಣಿಕಟ್ಟು ಹಿಡಿದೆ. ಕಣ್ಣಿನ ಮೂಲೆಯಲ್ಲಿರುವ ರಕ್ತನಾಳ ಕಣ್ಣುಗೂಡಿನೊಳಗೆ ಹೋಗುತ್ತದೆ, ಅಲ್ಲಿಂದ ಮಿದುಳಿನ ಬುಡಕ್ಕೆ. ಅದರಲ್ಲಿ ರಕ್ತ ಹಿಮ್ಮುಖವಾಗಿಯೂ ಹರಿಯಬಲ್ಲದು. ಇಲ್ಲಿ ಹಿಚುಕಿದರೆ ನಂಜು ಅದರ ಜೊತೆ ಒಳಗೆ ಹೋಗಬಹುದು. ಇಷ್ಟನ್ನೂ ಪಾಠ ಹೇಳುವ ದನಿಯಲ್ಲೇ ಹೇಳಿದೆ. ಬೇರೆ ದನಿ ಬರಲಿಲ್ಲ.

ಅತ್ತೆ ಮುಳ್ಳು ಕೆಳಗಿಟ್ಟರು.

“ಪ್ರಭುಂದೂ ಇಲ್ಲೇ ಎದ್ದಿತ್ತಲ್ಲ?”

“ಅವರದು ಬ್ಯಾರೆ ನರ, ಅತ್ತಿ.”

“ಯಾವ ನರ?”

ಎಲ್ಲ ನರಗಳ ಹೆಸರೂ ನನಗೆ ಗೊತ್ತು. ಆಗ ಒಂದೂ ಬಾಯಿಗೆ ಬರಲಿಲ್ಲ.

ಅತ್ತೆ ನನ್ನ ಮುಖ ನೋಡಿದರು. ಎದ್ದು ಹೋಗಿ ಸವಣೂರಿನವರಿಗೆ ಫೋನ್ ಮಾಡಿ, ಹುಡುಗಿಗೆ ಆರಾಮಿಲ್ಲ, ಮುಂದಿನ ವಾರ ಬರ್ರಿ ಎಂದರು. ದವಾಖಾನೆ ಮುಚ್ಚುವ ಮೊದಲು ಹೋಗೋಣ ಎಂದು ಚಪ್ಪಲಿ ಮೆಟ್ಟಿದರು.

ಬಾಗಿಲಲ್ಲಿ ಸಮತಾಳ ಕೂದಲು ಕುರುವಿನ ಮೇಲೆ ಬಿದ್ದಿತ್ತು. ಸರಿಸಲು ಅತ್ತೆ ಕೈ ಎತ್ತಿದರು. ಮುಖದ ಹತ್ತಿರ ಹೋದ ಕೈಯನ್ನು ಹಿಂದಕ್ಕೆ ತೆಗೆದು ಸೆರಗಿನೊಳಗೆ ಇಟ್ಟುಕೊಂಡರು.

“ನೀನ ಸರಿಸು,” ಎಂದರು ನನಗೆ.