ಚುಕ್ಕಿ ಗೆರೆ

ಕಳೆದ ವಾರ ನಮ್ಮ ಬೈಂಡಿಂಗ್ ಅಂಗಡಿಗೆ ಡಾಕ್ಟರಮ್ಮನೊಬ್ಬಳು ಬಂದಳು. ಕಾರಿನಿಂದ ಇಳಿದವಳೇ ಎದೆಗವುಚಿಕೊಂಡಿದ್ದ ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟು, "ಐದು ಪ್ರತಿ, ಗಟ್ಟಿ ರಟ್ಟು, ಬಂಗಾರದ ಅಕ್ಷರ, ಸೋಮವಾರದೊಳಗೆ ಬೇಕು" ಎಂದು ಒಂದೇ ಉಸಿರಿಗೆ ಹೇಳಿದಳು. ಆಮೇಲೆ ನನ್ನ ಮುಖ ನೋಡಿ ಹಾಗೇ ನಿಂತುಬಿಟ್ಟಳು.

"ಗೋಂದು! ನೀನು ಇಲ್ಲೇ ಇದೀಯಾ?"

ಗೋಂದು ಅಂದರೆ ನಾನು. ನನ್ನ ಬಟ್ಟೆಯಿಂದ ಅಂಟಿನ ವಾಸನೆ ಬರುತ್ತದೆಂದು ಕೋಚಿಂಗ್ ಕ್ಲಾಸಿನಲ್ಲಿ ಇಟ್ಟ ಹೆಸರು. ಅವಳನ್ನು ನಾವು ಜಡೆ ಅನ್ನುತ್ತಿದ್ದೆವು. ಈಗ ಜಡೆ ಇಲ್ಲ, ಕೂದಲು ಕತ್ತಿನವರೆಗೆ ಮಾತ್ರ. ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತು ಒಂದೇ ಪರೀಕ್ಷೆಗೆ ಓದಿದವರು ನಾವು. ಈಗ ಅವಳು ಬರೆದ ಪ್ರಬಂಧದ ಅಂಚು ಕತ್ತರಿಸಿ, ರಟ್ಟು ಹಾಕಿ ಕೊಡುವುದು ನನ್ನ ಕೆಲಸ. ಹೊಟ್ಟೆ ಉರಿಯಿತಾ ಅಂತ ಕೇಳಿದರೆ, ಉರಿಯಿತು. ಸುಳ್ಳು ಯಾಕೆ ಹೇಳಲಿ?

"ಇಲ್ಲೇ ಇದೀನಿ, ಇನ್ನೆಲ್ಲಿಗೆ ಹೋಗ್ಲಿ?" ಅಂದೆ.

ಮೂಲೆಯಲ್ಲಿ ಹಾಳೆ ಮಡಿಸುತ್ತ ಕೂತಿದ್ದ ಅಪ್ಪ ತಲೆ ಎತ್ತಲಿಲ್ಲ.

ಹತ್ತು ವರ್ಷದ ಹಿಂದಿನ ಮಾತು. ಆಗ ಕಟಿಂಗ್ ಮಷಿನ್ನಿನ ಮುಂದೆ ಅಪ್ಪನೇ ನಿಲ್ಲುತ್ತಿದ್ದ. ಅವನಿಗೆ ಸೊಟ್ಟ ಅಂಚು ಕಂಡರೆ ಆಗುತ್ತಿರಲಿಲ್ಲ. ಮನೆಗೆ ಬಂದ ಯಾವ ಕಾಗದವೂ ಅವನ ಅಲಗಿನಿಂದ ತಪ್ಪಿಸಿಕೊಂಡಿದ್ದಿಲ್ಲ. ಕ್ಯಾಲೆಂಡರು, ಕರೆಂಟು ಬಿಲ್ಲು, ನನ್ನ ಶಾಲೆಯ ಗುಂಪು ಫೋಟೋ, ಎಲ್ಲದರ ಅಂಚೂ ನೆಟ್ಟಗಾಗಲೇಬೇಕು. ಫೋಟೋದ ಬಲತುದಿಯಲ್ಲಿದ್ದ ಡ್ರಿಲ್ ಮೇಷ್ಟ್ರ ಅರ್ಧ ಹೊಟ್ಟೆ ಹಾಗೇ ಹೋಯಿತು. ಒಮ್ಮೆ ಅಮ್ಮನ ಔಷಧಿ ಚೀಟಿಯನ್ನೂ ನೇರ ಮಾಡಿದ. ದಿನಕ್ಕೆ ಎಷ್ಟು ಸಲ ಎಂದು ಬರೆದಿದ್ದ ಸಾಲು ರದ್ದಿಗೆ ಸೇರಿತು. "ಈ ಮನುಷ್ಯನ ಕೈಗೆ ನನ್ನ ಕಿವಿ ಸಿಗದಿದ್ರೆ ಸಾಕು, ಒಂದು ಮೇಲೆ ಒಂದು ಕೆಳಗೆ ಇದೆ ಅಂತ ಕತ್ತರಿಸಿಬಿಡ್ತಾನೆ" ಎಂದು ಅಮ್ಮ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ನಾನು ಡಾಕ್ಟರಾಗಬೇಕು ಅನ್ನುವುದು ಯಾವಾಗ ತೀರ್ಮಾನವಾಯಿತೋ ನನಗೆ ನೆನಪಿಲ್ಲ. ಮಾರ್ಕ್ಸು ಬರುತ್ತಿತ್ತು, ಅಷ್ಟೇ ಸಾಕಾಯಿತು. ಟಯರ್ ಅಂಗಡಿಯ ಮೇಲಿನ ಕೋಚಿಂಗ್ ಕ್ಲಾಸಿಗೆ ಸೇರಿಸಿದರು. ಅಲ್ಲಿನ ಶಾರ್ಟ್‌ಕಟ್ ಮೇಷ್ಟ್ರು ಯಾವ ಲೆಕ್ಕವನ್ನೂ ಪೂರ್ತಿ ಮಾಡಿ ತೋರಿಸಿದವರಲ್ಲ. "ಒಂದು ಪ್ರಶ್ನೆಗೆ ಐವತ್ತು ಸೆಕೆಂಡು. ಯೋಚನೆ ಮಾಡೋಕೆ ಕೂತ್ರೆ ಕೆಟ್ರಿ" ಅನ್ನುತ್ತಿದ್ದರು. ಹಾಗಾಗಿ ನಾವು ಯೋಚನೆ ಮಾಡುವುದನ್ನೇ ಬಿಟ್ಟೆವು. ಪ್ರಶ್ನೆಯ ಮೊದಲ ನಾಲ್ಕು ಪದ ಕಂಡ ಕೂಡಲೇ ಉತ್ತರ ಬಾಯಿಗೆ ಬರಬೇಕು. ಆ ವಿದ್ಯೆಯಲ್ಲಿ ಜಡೆಗಿಂತ ನಾನೇ ಮುಂದು.

ಮನೆಯವರ ಲೆಕ್ಕದಲ್ಲಿ ನಾನಾಗಲೇ ಕಾಲೇಜಿಗೆ ಹೋಗಿ ಆಗಿತ್ತು. ಅಪ್ಪ ಐದು ಮೆಡಿಕಲ್ ಕಾಲೇಜುಗಳ ಮಾಹಿತಿ ಪುಸ್ತಕ ತರಿಸಿ, ಮೊದಲು ಯಾವುದು ಸಿಕ್ಕರೆ ಒಳ್ಳೆಯದು, ಆಮೇಲೆ ಯಾವುದು ಎಂದು ನನ್ನನ್ನೇ ಕೇಳಿ, ಅದೇ ಕ್ರಮದಲ್ಲಿ ಜೋಡಿಸಿ ಒಂದೇ ಪುಸ್ತಕ ಮಾಡಿ ಹೊಲಿದಿದ್ದ. ಕೆಂಪು ಬಟ್ಟೆಯ ರಟ್ಟು. ಅಮ್ಮ ಹಾಸ್ಟೆಲಿಗೆಂದು ಬೀಗವಿರುವ ಪೆಟ್ಟಿಗೆ, ಬಕೆಟ್ಟು, ಮಗ್ಗು ತಂದು ಮಂಚದ ಕೆಳಗೆ ತಳ್ಳಿದ್ದಳು. ಬಂಗಾರದ ಅಕ್ಷರ ಒತ್ತುವ ಹಿತ್ತಾಳೆ ಅಚ್ಚುಗಳಲ್ಲಿ 'ಡಾ.' ಅನ್ನುವುದು ಸವೆದುಹೋಗಿತ್ತು. ಅಪ್ಪ ಹೊಸದೊಂದನ್ನು ಮಾಡಿಸಿ ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟ. "ಇದರಲ್ಲಿ ಮೊದಲು ನಿನ್ನ ಹೆಸರೇ ಒತ್ತೋದು, ಅಲ್ಲೀವರೆಗೆ ಯಾರಿಗೂ ಕೊಡಲ್ಲ" ಅಂದ.

ಹಾಲ್ ಟಿಕೆಟ್ ಅಂಚೆಯಲ್ಲಿ ಬಂತು. ಮೇಲೆ ನನ್ನ ಫೋಟೋ, ನಂಬರು. ಕೆಳಗೆ ಬೆರಳಗಲದ ಒಂದು ಪಟ್ಟಿ, ಅದರಲ್ಲೂ ನಂಬರು. ಎರಡರ ನಡುವೆ ಚುಕ್ಕಿಗಳ ಗೆರೆ, ಗೆರೆಯ ಮೇಲೆ ದುಂಡನೆಯ ಸೀಲು, ಅರ್ಧ ಅತ್ತ, ಅರ್ಧ ಇತ್ತ. ಹಾಳೆಯ ಎಡಗಡೆಯನ್ನು ಯಾವುದೋ ಪುಸ್ತಕದಿಂದ ಕಿತ್ತಿದ್ದರಿಂದ ಅದು ಇಲಿ ಕಡಿದ ಹಾಗಿತ್ತು. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅದು ಅಪ್ಪನ ಕೈಗೆ ಹೋಯಿತು. ಸಂಜೆ ಹೊತ್ತಿಗೆ ಹೊಸ ರಟ್ಟಿನ ಫೈಲಿನೊಳಗೆ ಭದ್ರವಾಗಿ ಕೂತಿತ್ತು. ನಾನು ತೆಗೆದು ನೋಡಲಿಲ್ಲ.

ಪರೀಕ್ಷೆಯ ಕೇಂದ್ರಕ್ಕೆ ಎರಡು ಬಸ್ಸು ಬದಲಾಯಿಸಬೇಕಿತ್ತು. ಅಪ್ಪನೂ ಬಂದ. ಎಂಟೂವರೆಗೇ ಗೇಟಿನ ಮುಂದೆ ನಿಂತೆವು. ಒಂಬತ್ತೂವರೆಗೆ ಗೇಟು ಹಾಕುತ್ತಾರೆಂದು ಬೋರ್ಡು ತಗುಲಿಸಿದ್ದರು. ಕನ್ನಡಕದ ಮೇಡಂ ಒಬ್ಬರು ಮೇಜು ಹಾಕಿಕೊಂಡು ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಜಡೆ ನನ್ನ ಮುಂದೆಯೇ ಒಳಗೆ ಹೋದಳು. ಮೇಡಂ ನನ್ನ ಫೈಲು ತೆರೆದು, ಹಾಲ್ ಟಿಕೆಟ್ ಹೊರಗೆಳೆದು, ತಿರುಗಿಸಿ ಮುರುಗಿಸಿ ನೋಡಿದರು.

"ಕೆಳಗಿನ ಪಟ್ಟಿ ಎಲ್ಲಿದೆಯಮ್ಮ?"

ಪಟ್ಟಿ ಇರಲಿಲ್ಲ. ನಾಲ್ಕೂ ಕಡೆ ಅಲಗಿನ ಅಂಚು. ಅರ್ಧ ಸೀಲು ಮಾತ್ರ ಉಳಿದಿತ್ತು.

"ಆ ಪಟ್ಟೀನ ಒಳಗಡೆ ಮೇಲ್ವಿಚಾರಕರೇ ಹರಿದು ನಿಮ್ಮ ಉತ್ತರದ ಹಾಳೆ ಜೊತೆ ಕಳಿಸ್ಬೇಕು. ಅದಿಲ್ದೆ ಒಳಗೆ ಬಿಡೋ ಹಾಗಿಲ್ಲ. ಹಿಂದುಗಡೆ ಇಷ್ಟು ದಪ್ಪಕ್ಕೆ ಬರ್ದಿದೆ, ಯಾರೂ ಬೇರೆ ಮಾಡಬಾರ್ದು ಅಂತ. ಯಾರು ಕತ್ತರಿಸಿದ್ದು ಇದನ್ನ?"

ನಾನು ಅಪ್ಪನ ಕಡೆ ನೋಡಿದೆ.

"ನಾನು," ಅಂದ ಅಪ್ಪ.

"ಕತ್ತರಿಸಿ ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ ತಾಯಿ. ನಂದೇ ಬುದ್ಧಿ." ಅಪ್ಪ ನನ್ನ ಕಡೆ ತಿರುಗಲೂ ಇಲ್ಲ. "ನಮ್ಮ ಕಸುಬಲ್ಲಿ ಚುಕ್ಕಿ ಗೆರೆ ಅಂದ್ರೆ ಕತ್ತರಿಸೋ ಜಾಗ. ಪಟ್ಟಿ ಅಂಗಡೀಲೇ ಇರತ್ತೆ, ತಂದುಬಿಡ್ತೀನಿ. ಒಂದು ಗಳಿಗೆ."

ಓಡಿದ. ಐವತ್ತು ದಾಟಿದವನು ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ. ನಾನು ಗೇಟಿನ ಕಂಬಕ್ಕೆ ಒರಗಿ ನಿಂತೆ. ನಾನೂರು ಜನ ನನ್ನ ಪಕ್ಕದಿಂದ ಒಳಗೆ ಹೋದರು. ಒಂಬತ್ತೂವರೆಗೆ ಗೇಟು ಹಾಕಿದರು. ಗಂಟೆ ಹೊಡೆದದ್ದು, ಕುರ್ಚಿಗಳ ಸದ್ದು, ಆಮೇಲಿನ ಮೌನ, ಎಲ್ಲ ಹೊರಗೆ ಕೇಳಿಸುತ್ತಿತ್ತು. ಒಂಬತ್ತು ಐವತ್ತಕ್ಕೆ ಅಪ್ಪ ಬಂದ. ಹೆಗಲ ಮೇಲೆ ರದ್ದಿ ಕಾಗದದ ಚೀಲ. ಹುಡುಕುತ್ತ ಕೂತರೆ ಹೊತ್ತಾಗುತ್ತದೆಂದು ಚೀಲವನ್ನೇ ಹೊತ್ತು ತಂದಿದ್ದ. ದಾರಿಯುದ್ದಕ್ಕೂ ಬಾಡಿಗೆ ಆಟೋದಲ್ಲಿ ಕೂತು ಕೆದಕಿದ್ದನಂತೆ, ಮೈಯೆಲ್ಲ ಕಾಗದದ ಚೂರು. ಪಟ್ಟಿ ಸಿಕ್ಕಿತ್ತು. ಬೆರಳಲ್ಲಿ ಎತ್ತಿ ಹಿಡಿದಿದ್ದ.

ಗೇಟಿನ ಸರಳಿನ ಸಂದಿಯಲ್ಲಿ ಕೈ ತೂರಿಸಿ ಎರಡೂ ತುಂಡನ್ನು ಮೇಡಂಗೆ ಜೋಡಿಸಿ ತೋರಿಸಿದ. "ನೋಡಿ ತಾಯಿ, ಒಂದು ಕೂದಲಷ್ಟೂ ಸಂದಿಲ್ಲ. ಸೀಲು ಸರಿಯಾಗಿ ಕೂಡುತ್ತೆ. ನೋಡಿ."

ಕೂಡುತ್ತಿತ್ತು. ಅಷ್ಟು ಚೆನ್ನಾಗಿ ಕತ್ತರಿಸಿದ್ದ. ಆ ಹೊತ್ತಿನಲ್ಲೂ ಅವನ ದನಿಯಲ್ಲಿ ಕಸುಬಿನ ಜಂಬ ಒಂದು ಚೂರು ಇಣುಕಿತು. ಅದಕ್ಕೇ ನನಗೆ ಅವನ ಮೇಲೆ ಮೈಯೆಲ್ಲ ಉರಿದುಹೋಯಿತು.

"ಟೈಮಾಯ್ತು," ಅಂದರು ಮೇಡಂ. ಕೆಟ್ಟವರಲ್ಲ, ಅವರ ಕಣ್ಣೂ ಒದ್ದೆಯಾಗಿತ್ತು. ಆದರೆ ಗೇಟು ತೆಗೆಯಲಿಲ್ಲ.

ಅಮ್ಮ ಆರು ತಿಂಗಳು ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕಿವಿಯ ತಮಾಷೆ ನಿಂತುಹೋಯಿತು. ಸೋದರಮಾವ ಬಂದು, "ಭಾವ, ನೀವು ಕತ್ತರಿಸಿದ್ದು ಕಾಗದ ಅಲ್ಲ, ಹುಡುಗಿ ಭವಿಷ್ಯ" ಎಂದು ಊಟಕ್ಕೆ ಕೂತಾಗಲೇ ಹೇಳಿ, ಎರಡನೇ ಸಲ ಅನ್ನ ಹಾಕಿಸಿಕೊಂಡ. ಅಪ್ಪ ತಟ್ಟೆ ನೋಡುತ್ತ, "ಹೌದು, ನಂದೇ ಬುದ್ಧಿಗೇಡಿತನ" ಅಂದ. ಯಾರು ಏನಂದರೂ ಅದೊಂದೇ ಮಾತು.

ಅವತ್ತಿನಿಂದ ಅವನು ಮಷಿನ್ನಿನ ಹಿಡಿ ಮುಟ್ಟಲಿಲ್ಲ. ಒಪ್ಪಿಕೊಂಡ ಕೆಲಸಗಳು ರಾಶಿ ಬಿದ್ದವು. ಒಂದೇ ವರ್ಷ, ಓದಿನ ಜೊತೆಗೆ ಅಂಗಡಿಯನ್ನೂ ಸ್ವಲ್ಪ ನೋಡಿಕೋ ಎಂದಳು ಅಮ್ಮ. ನೋಡಿಕೊಂಡೆ. ಬೆಳಿಗ್ಗೆ ಅಂಟು, ಮಧ್ಯಾಹ್ನ ಅಲಗು, ಸಂಜೆ ಪುಸ್ತಕ. ಮರುವರ್ಷ ಪರೀಕ್ಷೆ ಬರೆದೆ. ಬಂದ ರ‍್ಯಾಂಕು ಫೋನ್ ನಂಬರಿನಷ್ಟು ಉದ್ದವಿತ್ತು. ಕಾಲೇಜುಗಳ ಕೆಂಪು ಪುಸ್ತಕವನ್ನು ನಾನೇ ರದ್ದಿಗೆ ಹಾಕಿದೆ. ಬಕೆಟ್ಟು ಅಂಟು ಕಲಸಲು ಬಂತು. ಬೆಂಕಿಪೊಟ್ಟಣದ 'ಡಾ.' ಅಚ್ಚನ್ನು ಹೊರಗೆ ತೆಗೆದೆ, ಅಪ್ಪ ಬೇಡ ಅನ್ನಲಿಲ್ಲ. ಈ ಊರಿನ ಅರ್ಧ ಡಾಕ್ಟರುಗಳ ಹೆಸರನ್ನು ಅದೇ ಅಚ್ಚಿನಿಂದ ಒತ್ತಿದ್ದೇನೆ.

ಕಳೆದ ವಾರ ಬಂದಾಗ ಜಡೆ ಕೇಳಿಯೇ ಬಿಟ್ಟಳು. "ನಾನವತ್ತು ಒಳಗಿದ್ದೆ ಕಣೇ, ನಿಂಗೆ ಏನಾಯ್ತು ಅಂತ ಸರಿಯಾಗಿ ಗೊತ್ತೇ ಆಗ್ಲಿಲ್ಲ."

"ಏನಿಲ್ಲ," ಅಂದೆ, ಹತ್ತು ವರ್ಷದಿಂದ ಎಲ್ಲರಿಗೂ ಹೇಳುವ ಹಾಗೆ. "ನಮ್ಮಪ್ಪ ಹಾಲ್ ಟಿಕೆಟ್ಟಿಗೂ ಕಟಿಂಗ್ ಹಾಕಿದ್ರು."

ಜಡೆ ಮೂಲೆಯ ಕಡೆ ನೋಡಿದಳು. ಅಪ್ಪ ನಕ್ಕ. "ಹೌದಮ್ಮ, ನಂದೇ ಬುದ್ಧಿ," ಅಂದ.

ಅವಳು ಹೋದಳು. ನನಗೆ ಕೆಲಸ ಸಾಗಲಿಲ್ಲ. ಯಾಕೆಂದರೆ ಇಷ್ಟು ಹೊತ್ತು ಒಂದು ವಿಷಯ ಬಿಟ್ಟು ಹೇಳಿದ್ದೇನೆ. ಹತ್ತು ವರ್ಷದಿಂದ ಬಿಟ್ಟೇ ಹೇಳುತ್ತಿದ್ದೇನೆ.

ಆ ಮಧ್ಯಾಹ್ನ ನಾನು ಇದೇ ಅಂಗಡಿಯಲ್ಲಿ, ಈಗ ಅಪ್ಪ ಕೂತಿರುವ ಮೂಲೆಯಲ್ಲೇ ಕೂತಿದ್ದೆ. ತೊಡೆಯ ಮೇಲೆ ರಸಾಯನಶಾಸ್ತ್ರದ ಪ್ರಶ್ನೆಗಳು, ಪಕ್ಕದಲ್ಲಿ ಗಡಿಯಾರ, ಪ್ರಶ್ನೆಗೆ ಐವತ್ತು ಸೆಕೆಂಡು. ಹಾಲ್ ಟಿಕೆಟ್ ಅಪ್ಪನ ಕೈಗೆ ತಾನಾಗಿ ಹೋಗಲಿಲ್ಲ. "ಅಂಚು ಸೊಟ್ಟಗಿದೆ, ನೇರ ಮಾಡ್ಕೊಡಪ್ಪಾ" ಎಂದು ನಾನೇ ಕೊಟ್ಟಿದ್ದೆ. ಎಡಗಡೆ ಕತ್ತರಿಸಿದ ಮೇಲೆ ಅವನು ಕೈ ತಡೆದ.

"ಇಲ್ಲೊಂದು ಚುಕ್ಕಿ ಗೆರೆ ಇದೆಯಮ್ಮ. ಇಲ್ಲಿ ಕತ್ತರಿಸ್ಲಾ, ಬಿಡ್ಲಾ?"

"ಹೂಂ."

"ಹಿಂದೆ ಏನೇನೋ ಇಂಗ್ಲಿಷಲ್ಲಿ ಬರ್ದಿದಾರೆ, ನಂಗೆ ತಿಳಿಯಲ್ಲ. ಒಂದ್ಸಲ ನೋಡಿ ಹೇಳು."

"ಹೂಂ ಅಂದ್ನಲ್ಲ, ಕತ್ತರಿಸು. ತಲೆ ತಿನ್ಬೇಡಪ್ಪಾ."

ತಲೆ ಎತ್ತದೆ ಹೇಳಿದ್ದೆ. ಪ್ರಶ್ನೆ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಉತ್ತರ ಹೇಳುವ ವಿದ್ಯೆಯಲ್ಲಿ ನಾನೇ ಮುಂದು ಅಂದೆನಲ್ಲ. ಆಮೇಲೆ ಗೇಟಿನ ಹತ್ತಿರ ಮೇಡಂ ಕೇಳಿದಾಗ ನನಗೆ ಎಲ್ಲ ನೆನಪಿತ್ತು. ನೆನಪಿದ್ದೇ ಅಪ್ಪನ ಕಡೆ ನೋಡಿದೆ. ಅಮ್ಮ ಮಾತು ಬಿಟ್ಟಾಗ, ಮಾವ ಊಟದ ನಡುವೆ ಚುಚ್ಚಿದಾಗ, ಅವನು ನನ್ನನ್ನು ಕೇಳಿಯೇ ಕತ್ತರಿಸಿದ್ದನೆಂದು ಒಂದು ಸಲವಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮೊದಮೊದಲು ಹೆದರಿಕೆ. ಆಮೇಲೆ ಅಭ್ಯಾಸವಾಯಿತು.

"ಅಪ್ಪಾ," ಅಂದೆ. "ಅವತ್ತು ಕತ್ತರಿಸೋ ಮುಂಚೆ ನೀನು ನನ್ನ ಕೇಳಿದ್ದೆ. ಎರಡು ಸಲ."

ಅಪ್ಪ ಮಡಿಸುತ್ತಿದ್ದ ಹಾಳೆಯನ್ನು ಉಗುರಿನಿಂದ ಒತ್ತಿದ. "ಏನು ಕೇಳಿದ್ದೆ? ನಾನ್ಯಾಕೆ ಕೇಳ್ಲಿ? ನಂಗೇನೂ ನೆನಪಿಲ್ಲ," ಅಂದ. ಇನ್ನೊಂದು ಹಾಳೆ ಎತ್ತಿಕೊಂಡು, "ಆ ಹುಡುಗಿಗೆ ಸೋಮವಾರ ಕೊಡ್ಬೇಕು. ಕೆಲಸ ನೋಡು," ಅಂದ.

ಜಡೆಯ ಕಟ್ಟನ್ನು ಮಷಿನ್ನಿಗೆ ಇಟ್ಟೆ. ದಿನಕ್ಕೆ ನೂರು ಸಲ ಮಾಡುವ ಕೆಲಸ, ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆ.

"ಇಲ್ಲಿ ಕತ್ತರಿಸ್ಲಾ ಅಪ್ಪಾ?"

ಅಪ್ಪ ಹಾಳೆ ಕೆಳಗಿಟ್ಟು ಎದ್ದು ಬಂದ. ಜೇಬಿನಿಂದ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡ. ಕಟ್ಟನ್ನು ಮಷಿನ್ನಿನಿಂದ ಹೊರಗೆ ತೆಗೆದು ಮೊದಲ ಹಾಳೆ ನೋಡಿದ, ನಡುವಿನದು ನೋಡಿದ, ಕೊನೆಯದು ನೋಡಿದ. ಪ್ರತಿಯೊಂದನ್ನೂ ಮಗುಚಿ ಹಿಂದುಗಡೆಯನ್ನೂ ನೋಡಿದ. ಐವತ್ತು ಸೆಕೆಂಡಿಗಿಂತ ಎಷ್ಟೋ ಹೆಚ್ಚು ಹೊತ್ತು ಹಿಡಿಯಿತು.

ಆಮೇಲೆ "ಹೂಂ" ಅಂದ.