ಡಬ್ಬಿಗೆ ಬಾರಿಸುವುದಿಲ್ಲ

ಮಾರ್ಚ್‌ನಲ್ಲಿ ನಾನು ಕಳಿಸಿದ ಫೈಲಿನಲ್ಲಿ ಜೀವವಿಲ್ಲ ಎಂದು ನನಗೆ ತಿಳಿದದ್ದು ಮೇ ತಿಂಗಳಲ್ಲಿ. ತಿಳಿಸಿದ್ದು ಒಂದು ಕುದುರೆ.

ಅಷ್ಟರಲ್ಲಿ ತಡವಾಗಿತ್ತು. ಓಕ್ಲ್ಯಾಂಡ್ ಬಂದರಿನ ಪಕ್ಕದ ಬಯಲಿನಲ್ಲಿ ಸೆಪ್ಟೆಂಬರಿನಲ್ಲಿ ಎರಡು ದಿನ ಎಲೆಕ್ಟ್ರಾನಿಕ್ ಸಂಗೀತದ ಹಬ್ಬ ನಡೆಯುತ್ತದೆ. ಅದನ್ನು ನಡೆಸುವವರು ಆ ಫೈಲು ಕೇಳಿಯೇ ನಮ್ಮನ್ನು ಆರಿಸಿದ್ದರು. ನಾವೆಂದರೆ ಮೂವರು. ದೊಡ್ಡ ಡೋಲು ಬಾರಿಸುವ ಅರವತ್ತೊಂದು ವರ್ಷದ ದೋನ್ ಕೂಕೋ, ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ಕಹಳೆ ಊದುವ ಅವರ ಮಗಳು ಯಾದಿರಾ, ಕಂಪ್ಯೂಟರಿನ ಹಿಂದೆ ನಿಲ್ಲುವ ನಾನು, ನೌರೀನ್. ಶನಿವಾರ ಮಧ್ಯಾಹ್ನ, ಇಪ್ಪತ್ತೈದು ನಿಮಿಷ. ಬಿಸಿಲಿಗೆ ಜನ ನೆರಳು ಹುಡುಕುವ ಹೊತ್ತು. ಆದರೂ ಪೋಸ್ಟರಿನ ಕೆಳತುದಿಯಲ್ಲಿ ನಮ್ಮ ಮೂರೂ ಹೆಸರುಗಳು ಇದ್ದವು. ದೋನ್ ಕೂಕೋ ಅದನ್ನು ತಮ್ಮ ಗ್ಯಾರೇಜಿನ ಬಾಗಿಲಿಗೆ ಅಂಟಿಸಿದ್ದರು.

ನಾನು ಕೆಲಸ ಮಾಡುವುದು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ. ತಟ್ಟೆಗಳಲ್ಲಿ ಜೀವಕೋಶ ಬೆಳೆಸುತ್ತೇನೆ. ದೋನ್ ಕೂಕೋ ಅಲ್ಲಿಗೆ ಆರು ತಿಂಗಳಿಗೊಮ್ಮೆ ನಮ್ಮ ಪಿಪೆಟ್ಟುಗಳನ್ನು ಪರೀಕ್ಷಿಸಲು ಬರುತ್ತಿದ್ದರು. ಒಂದೊಂದರಿಂದಲೂ ಹನಿ ನೀರನ್ನು ತಕ್ಕಡಿಗೆ ಬಿಟ್ಟು, ಅಳತೆ ಸರಿಯಿದ್ದರೆ ತಾರೀಖಿನ ಚೀಟಿ ಅಂಟಿಸುವುದು ಅವರ ಕೆಲಸ. ಒಮ್ಮೆ ನನ್ನ ಹೆಡ್‌ಫೋನಿನಿಂದ ಸೋರುತ್ತಿದ್ದ ಸದ್ದು ಕೇಳಿ ಕೈ ನಿಲ್ಲಿಸಿದರು.

"ಈ ಡೋಲು ಬಾರಿಸಿದವನಿಗೆ ಮೊಣಕೈ ಇಲ್ಲವೇ?" ಎಂದು ಕೇಳಿದರು. ಅವರ ಮಾತು ಅರ್ಧ ಸ್ಪ್ಯಾನಿಷು, ಅರ್ಧ ಇಂಗ್ಲಿಷು.

"ಯಾರೂ ಬಾರಿಸಿಲ್ಲ. ಕಂಪ್ಯೂಟರಿನಲ್ಲಿ ನಾನೇ ಮಾಡಿದ್ದು."

"ನಾನೂ ಅದನ್ನೇ ಹೇಳಿದೆ."

ಆ ಭಾನುವಾರ ಹೇವರ್ಡಿನ ಅವರ ಗ್ಯಾರೇಜಿಗೆ ಹೋದೆ. ಅವರು ಮೆಕ್ಸಿಕೋದ ಸಿನಲೋವಾದವರು. ಆ ಸೀಮೆಯ ಬ್ಯಾಂಡುಗಳಲ್ಲಿ ತಂಬೋರಾ ಎಂಬ ಡೋಲು ಇರುತ್ತದೆ. ಎರಡು ಕೈಯಲ್ಲಿ ತಬ್ಬಿದರೂ ತುಂಬದಷ್ಟು ದಪ್ಪ, ನೆತ್ತಿಯ ಮೇಲೆ ಒಂದು ಹಿತ್ತಾಳೆ ತಾಳ. ಬಲಗೈ ಚರ್ಮಕ್ಕೆ ಹೊಡೆಯುವಾಗ ಎಡಗೈ ಇನ್ನೊಂದು ತಾಳದಿಂದ ನೆತ್ತಿಗೆ ಹೊಡೆಯುತ್ತದೆ. ಎದೆಯೊಳಗೆ ಯಾರೋ ಬಾಗಿಲು ದೂಡಿದಂತೆ ಕೇಳುತ್ತದೆ. ನಲವತ್ತು ನಿಮಿಷ ರೆಕಾರ್ಡ್ ಮಾಡಿಕೊಂಡು ಮನೆಗೆ ತಂದೆ. ಆಮೇಲೆ ನನ್ನಂಥವರೆಲ್ಲ ಮಾಡುವುದನ್ನೇ ಮಾಡಿದೆ. ಪ್ರತಿಯೊಂದು ಪೆಟ್ಟನ್ನೂ ಹಿಡಿದೆಳೆದು ನಿಮಿಷಕ್ಕೆ ನೂರಾ ಇಪ್ಪತ್ತೆಂಟರ ಗೆರೆಗೆ ಕೂರಿಸಿದೆ. ಮುಂಚೆ ಬಿದ್ದದ್ದನ್ನು ಹಿಂದಕ್ಕೆ, ತಡವಾದದ್ದನ್ನು ಮುಂದಕ್ಕೆ. ಕೆಳಗೆ ಎಲೆಕ್ಟ್ರಾನಿಕ್ ಬೇಸ್‌ನ ತಗ್ಗು ನಾದ ಹಾಸಿದೆ. ಅಚ್ಚುಕಟ್ಟಾಗಿತ್ತು. ಹಬ್ಬದವರಿಗೆ ಕಳಿಸಿದೆ.

ಮೇ ತಿಂಗಳಲ್ಲಿ ದೋನ್ ಕೂಕೋ ಯಾದಿರಾಳನ್ನೂ ನನ್ನನ್ನೂ ಕ್ಯಾಸ್ಟ್ರೋ ವ್ಯಾಲಿಯ ಗುಡ್ಡದ ಮೇಲಿನ ಒಂದು ಲಾಯಕ್ಕೆ ಕರೆದುಕೊಂಡು ಹೋದರು. ಅವರ ಭಾವಮೈದುನನ ಕುದುರೆ ಅಲ್ಲಿತ್ತು. ಕುಣಿಯುವ ಕುದುರೆ, ಡೋಲಿಗೆ ಕಾಲೆತ್ತಿ ಹೆಜ್ಜೆ ಹಾಕುತ್ತದೆ. "ನಿನ್ನದನ್ನು ಹಾಕು, ಕುಣಿಯುತ್ತದೋ ನೋಡೋಣ" ಎಂದರು. ಸ್ಪೀಕರು ಇಟ್ಟು ಹಾಕಿದೆ. ಕುದುರೆ ಎರಡು ಸುತ್ತು ಹೆಜ್ಜೆ ಹಾಕಿತು. ಮೂರನೆಯದಕ್ಕೆ ನಿಂತಿತು. ಸ್ಪೀಕರಿನ ಕಡೆ ತಿರುಗಿ, ಅವಸರವಿಲ್ಲದೆ ಉಚ್ಚೆ ಹೊಯ್ದಿತು.

"ವಿಮರ್ಶೆ ಬಂತು," ಎಂದಳು ಯಾದಿರಾ.

ದೋನ್ ಕೂಕೋ ನಗಲಿಲ್ಲ. ಡೋಲಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಬಾರಿಸತೊಡಗಿದರು. ಒಮ್ಮೆಯೂ ಅವರು ಡೋಲಿನ ಕಡೆ ನೋಡಲಿಲ್ಲ. ಕಣ್ಣು ಗೊರಸಿನ ಮೇಲೆ. ನಾನು ಇಷ್ಟು ದಿನ ಕುದುರೆ ಡೋಲಿಗೆ ಕುಣಿಯುತ್ತದೆ ಎಂದುಕೊಂಡಿದ್ದೆ. ಡೋಲು ಕುದುರೆಯ ಹಿಂದೆ ಹೋಗುತ್ತಿತ್ತು.

"ಕಾಲು ದಣಿದರೆ ನಾನೂ ನಿಧಾನ," ಎಂದರು ಬಾರಿಸುತ್ತಲೇ. "ಕಾಲಿಗೆ ಸಿಟ್ಟು ಬಂದರೆ ನನಗೂ ಸಿಟ್ಟು. ಕುದುರೆಯಾದರೂ ಅಷ್ಟೇ, ಮದುಮಗಳಾದರೂ ಅಷ್ಟೇ. ಕಾಲು ನಿಲ್ಲುವ ಮೊದಲು ಡೋಲು ನಿಲ್ಲಿಸುವುದು ನಮ್ಮಲ್ಲಿ ಬೈಗುಳಕ್ಕೆ ಸಮ."

ಅಂದು ರಾತ್ರಿಯೇ ಆ ಫೈಲನ್ನು ಅಳಿಸಿದೆ. ನನ್ನ ಕಂಪ್ಯೂಟರಿನಿಂದ ಅಷ್ಟೇ.

ಮುಂದಿನ ಮೂರು ತಿಂಗಳು ಯಂತ್ರಕ್ಕೆ ಕಾಯುವುದನ್ನು ಕಲಿಸಿದೆ. ತಂಬೋರಾದ ಅಂಚಿಗೆ ರೂಪಾಯಿಯಗಲದ ಒಂದು ಸೆನ್ಸರು ಅಂಟಿಸಿದೆ. ದೋನ್ ಕೂಕೋ ಹೊಡೆದರೆ ಮಾತ್ರ ನನ್ನ ಬೇಸ್ ಹೆಜ್ಜೆಯಿಡುತ್ತದೆ. ಅವರು ತಡೆದರೆ ತಡೆಯುತ್ತದೆ. ಮೊದಮೊದಲು ಯಂತ್ರ ಎಡವುತ್ತಿತ್ತು. ಯಾದಿರಾಳ ಟ್ಯೂಬಾ ಒಂದು ಕಡೆ, ನನ್ನ ಬೇಸ್ ಇನ್ನೊಂದು ಕಡೆ. ಆಸ್ಪತ್ರೆಯ ಐಸಿಯುನಲ್ಲಿ ಹನ್ನೆರಡು ಗಂಟೆ ನರ್ಸ್ ಕೆಲಸ ಮುಗಿಸಿ ಬಂದು ಅವಳು ಗೋಡೆಗೊರಗಿ ಊದುತ್ತಿದ್ದಳು. ಆಗಸ್ಟಿನ ಒಂದು ಸಂಜೆ ಮೂರೂ ಒಂದೇ ಪ್ರಾಣಿಯ ಹಾಗೆ ಗ್ಯಾರೇಜಿನಲ್ಲಿ ಎದ್ದು ನಿಂತವು. ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆ ಕುಣಿಯುತ್ತಿದ್ದಳು. ಅವಳು ಸುಸ್ತಾದಾಗ ನಾವು ನಿಧಾನಿಸಿದೆವು, ನನ್ನ ಯಂತ್ರವೂ.

ಹಬ್ಬಕ್ಕೆ ಹತ್ತು ದಿನವಿರುವಾಗ ಕುಶಲ್ ಫೋನ್ ಮಾಡಿದ. ಕುಶಲ್ ಬೆಂಗಳೂರಿನವನು, ಅದೇ ಹಬ್ಬದ ವೇದಿಕೆಯ ಬೆಳಕು, ವಿಡಿಯೋ, ಶಬ್ದ ಎಲ್ಲವನ್ನೂ ನೋಡಿಕೊಳ್ಳುವವನು. ಅರ್ಜಿಯಲ್ಲಿ ನನ್ನ ಊರು ಹುಬ್ಬಳ್ಳಿ ಎಂದು ಕಂಡು ಅದನ್ನು ಮೇಲಕ್ಕೆ ದೂಡಿದವನೂ ಅವನೇ.

"ಏ ಹುಬ್ಳಿ, ಒಂದು ಸಣ್ಣ ವಿಷ್ಯ," ಎಂದ. "ಮೈಕು ಆನ್ ಇರಲ್ಲ."

"ಯಾರ ಮೈಕು?"

"ಡ್ರಮ್ಮು, ಟ್ಯೂಬಾ, ಎರಡೂ. ಮಾರ್ಚಲ್ಲಿ ಕಳ್ಸಿದ್ಯಲ್ಲ ಫೈಲು, ಅದನ್ನೇ ಪ್ಲೇ ಮಾಡು. ನನ್ನ ಹತ್ರ ಇದೆ, ವಾಪಸ್ ಕಳಿಸ್ತೀನಿ. ಅಂಕಲ್ಲು ಅದರ ಮೇಲೆ ಸುಮ್ನೆ ಆಕ್ಟ್ ಮಾಡ್ಲಿ. ಸ್ಪಾನ್ಸರ್ ವಿಡಿಯೋ ಅದಕ್ಕೇ ಲಾಕ್ ಆಗಿದೆ."

"ಏನ್ ವಿಡಿಯೋ?"

"ಕೂಲ್ ಡ್ರಿಂಕ್ ಕ್ಯಾನು. ದೊಡ್ಡ ಹ್ಯಾಟ್ ಹಾಕ್ಕೊಂಡು ಡ್ಯಾನ್ಸ್ ಮಾಡತ್ತೆ. ಕ್ಯೂಟಾಗಿದೆ ಕಣೇ. ನಿಮ್ ಬೀಟಿಗೆ ಒಂದೊಂದು ಸ್ಟೆಪ್ಪು ಅನಿಮೇಟ್ ಮಾಡಿದಾರೆ."

"ಕುಶಲ್, ಆ ಫೈಲು ತಪ್ಪೈತಿ. ಈಗ ನಾವು ಬಾರಿಸೂದು ಬ್ಯಾರೆ. ಪ್ರತಿ ಸಲ ಬ್ಯಾರೆ ಬರ್ತೈತಿ."

"ಅದೇ ಪ್ರಾಬ್ಲಮ್ಮು. ಪ್ರತಿ ಸಲ ಒಂದೇ ಥರ ಬರ್ಬೇಕು. ಅದಕ್ಕೇ ಶೋ ಅಂತಾರೆ."

"ನಮ್ಮ ಕಡೆ ಅದಕ್ಕ ರಿಂಗ್‌ಟೋನ್ ಅಂತಾರ."

ಅವನು ನಕ್ಕ. ನಂತರ ಸಮಾಧಾನ ಮಾಡುವ ದನಿಯಲ್ಲಿ, "ಬೇಕಿದ್ರೆ ಮಧ್ಯದಲ್ಲಿ ಸ್ವಲ್ಪ ಡೊಳ್ಳು ಸೇರ್ಸು. ಕನ್ನಡ ಕೂಟದವರನ್ನೂ ಕರೀತೀನಿ. ಚೆನ್ನಾಗಿರತ್ತೆ, ಫ್ಯೂಷನ್ನು," ಎಂದ.

"ಡೊಳ್ಳು ಬೇಕಂದ್ರ ಡೊಳ್ಳು ಬಾರಿಸವ್ರನ್ನ ಕರಿ. ನಾ ಏನ್ ಉಪ್ಪಿನಕಾಯಿ ಅಲ್ಲ, ಎಲ್ಲಾದಕ್ಕೂ ನಂಜಿಕೊಳ್ಳಾಕ."

"ನೌರೀನ್, ಸೀರಿಯಸ್ಸಾಗಿ. ಆ ವಿಡಿಯೋ ಇಲ್ದೆ ನಿಮ್ ಸ್ಲಾಟೇ ಇಲ್ಲ. ಆ ಟೈಮು ಅವರದು. ಯೋಚ್ನೆ ಮಾಡು."

ಯೋಚಿಸಿದೆ. ಸುಳ್ಳು ಹೇಳುವುದಿಲ್ಲ, ಆ ವೇದಿಕೆ ನನಗೆ ಬೇಕಾಗಿತ್ತು. ನಾಲ್ಕು ವರ್ಷ ಬಾರುಗಳ ಮೂಲೆಯಲ್ಲಿ, ಶೌಚಾಲಯದ ಬಾಗಿಲ ಪಕ್ಕದಲ್ಲಿ ಟೇಬಲ್ ಹಾಕಿಕೊಂಡು ಬಾರಿಸಿದವಳು ನಾನು. ಮತ್ತೆ ಇಂಥದ್ದು ಸಿಗುವುದಿಲ್ಲ ಎಂದು ಗೊತ್ತಿತ್ತು.

ಗ್ಯಾರೇಜಿನಲ್ಲಿ ಇಬ್ಬರಿಗೂ ಹೇಳಿದೆ. ತಪ್ಪು ಫೈಲು ಕಳಿಸಿದವಳು ನಾನೇ ಎಂಬುದನ್ನೂ ಹೇಳಿದೆ. ದೋನ್ ಕೂಕೋ ಡಬ್ಬಿಯ ವಿಡಿಯೋ ತೋರಿಸು ಎಂದರು. ಕುಶಲ್ ಕಳಿಸಿದ್ದ ತುಣುಕನ್ನು ಫೋನಿನಲ್ಲಿ ಕೊನೆಯವರೆಗೂ ನೋಡಿದರು, ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು.

"ಇದಕ್ಕೆ ಮೊಣಕಾಲು ಇಲ್ಲ," ಎಂದರು.

"ನಾನಂತೂ ಸುಳ್ಳುಸುಳ್ಳೇ ಊದುವುದಿಲ್ಲ," ಎಂದಳು ಯಾದಿರಾ.

ಅವರು ಮಗಳಿಗೆ ಸುಮ್ಮನಿರು ಎಂದು ಕೈ ಮಾಡಿದರು. ಗೋಡೆಯ ಮೊಳೆಯಲ್ಲಿ ಅವರ ಹೊಸ ಅಂಗಿ ತೂಗುತ್ತಿತ್ತು, ಎದೆಯ ಮೇಲೆ ಕಸೂತಿ, ಫ್ರೂಟ್‌ವೇಲ್‌ನ ದರ್ಜಿಯಿಂದ ಹೊಲಿಸಿದ್ದು. ಮೂವತ್ತೆರಡು ವರ್ಷ ಅವರು ಈ ಊರುಗಳ ಹಿತ್ತಿಲುಗಳಲ್ಲಿ, ದೀಕ್ಷಾಸ್ನಾನಗಳಲ್ಲಿ, ಮದುವೆಗಳಲ್ಲಿ ಬಾರಿಸಿದ್ದರು. ಈ ಪೋಸ್ಟರಿಗೆ ಮುನ್ನ ಒಂದು ಕಾಗದದ ಮೇಲೂ ಅವರ ಹೆಸರು ಅಚ್ಚಾಗಿರಲಿಲ್ಲ.

"ನಿನಗೆ ಬೇಕಿದ್ದರೆ ಕೈ ಆಡಿಸುತ್ತೇನೆ, ಮಗಳೇ," ಎಂದರು. "ಇಪ್ಪತ್ತೈದು ನಿಮಿಷ ತಾನೇ. ಸಾಯುವುದಿಲ್ಲ."

ಅವರು ಬೈದಿದ್ದರೆ ಚೆನ್ನಾಗಿತ್ತು. ಕುದುರೆಯ ಮುಂದೆ ಕೂಡ ಸುಳ್ಳು ಪೆಟ್ಟು ಹಾಕದ ಮನುಷ್ಯ, ನನಗಾಗಿ ಒಂದು ಡಬ್ಬಿಯ ಮುಂದೆ ಸುಳ್ಳು ಕೈ ಆಡಿಸಲು ಒಪ್ಪಿದ್ದರು.

"ಬೇಡ," ಎಂದೆ. "ಡಬ್ಬಿಗೆ ಬಾರಿಸುವುದಿಲ್ಲ."

ಅಂದೇ ಕುಶಲ್‌ಗೆ ಬರೆದೆ: ನಾವು ನಿಜವಾಗಿ ಬಾರಿಸುತ್ತೇವೆ, ಫೈಲು ಹಾಕುವುದಿಲ್ಲ, ಬೇಡವಾದರೆ ಈಗಲೇ ಹೆಸರು ತೆಗೆ. ಅವನ ಉತ್ತರ ಒಂದು ಸಾಲು: "ಸ್ಟೇಜ್ ಮೇಲೆ ಸರಿಹೋಗ್ತೀಯ ಬಿಡು." ಹೆಸರು ತೆಗೆಯಲಿಲ್ಲ.

ಶನಿವಾರ ವೇದಿಕೆ ಹತ್ತಿದಾಗ ಮುಂದೆ ನೂರು ಜನವಿದ್ದರೆ ಹೆಚ್ಚು. ಹಿಂದೆ ಬಂದರಿನ ಕ್ರೇನುಗಳು, ನಮ್ಮ ತಲೆಯ ಮೇಲೆ ಮನೆಯೆತ್ತರದ ಪರದೆ. ಮೈಕು ಆಫ್ ಆಗಿತ್ತು, ಕುಶಲ್ ಮಾತು ಉಳಿಸಿಕೊಂಡಿದ್ದ. ಆದರೆ ಸೆನ್ಸರು ನನ್ನದು, ಫೈಲಿಗೆಂದು ಅವನು ನನ್ನ ಕಂಪ್ಯೂಟರಿನ ತಂತಿ ತೆರೆದೇ ಇಟ್ಟಿದ್ದ. ತಂಬೋರಾಕ್ಕಾಗಲಿ ಟ್ಯೂಬಾಕ್ಕಾಗಲಿ ಮೈಕಿನ ಹಂಗೂ ಇಲ್ಲ.

ದೋನ್ ಕೂಕೋ ಕೋಲು ಎತ್ತಿ ಸುಮ್ಮನೆ ನಿಂತರು. ಕಾಲು ಹುಡುಕುತ್ತಿದ್ದರು. ಎಡಗಡೆ ಬೂಟು ಹಾಕಿದ ನಾಲ್ವರು ಹುಡುಗಿಯರು ಹರಟುತ್ತ ನಿಂತಿದ್ದರು. ಅವರಲ್ಲೊಬ್ಬಳು ಡೋಲು ಕಂಡು ಹಿಮ್ಮಡಿಯಿಂದ ನೆಲಕ್ಕೆ ಎರಡು ಬಾರಿ ತಟ್ಟಿದಳು, ತಮಾಷೆಗೆ. ಅಷ್ಟು ಸಾಕಾಯಿತು. ಅವರ ಪೆಟ್ಟು ಬಿತ್ತು, ನನ್ನ ಬೇಸ್ ಹಬ್ಬದ ಸ್ಪೀಕರುಗಳಿಂದ ಬಯಲಿಗೆ ಇಳಿಯಿತು, ಯಾದಿರಾಳ ಟ್ಯೂಬಾ ಅದರ ಮೇಲೆ ನಡೆದು ಬಂತು.

ಪರದೆಯ ಮೇಲೆ ಡಬ್ಬಿಯೂ ಶುರು ಮಾಡಿತು. ಹುಡುಗಿಯರ ಕಾಲು ನೂರಾ ಹತ್ತರಲ್ಲಿತ್ತು, ಡಬ್ಬಿ ನೂರಾ ಇಪ್ಪತ್ತೆಂಟರಲ್ಲಿ. ಒಂದು ನಿಮಿಷದೊಳಗೆ ಅದು ಕುಡಿದವನ ಹಾಗೆ ಕಂಡಿತು. ಜನ ತೋರಿಸಿ ನಗತೊಡಗಿದರು. ನೆರಳಿನಲ್ಲಿದ್ದವರು ಏನೆಂದು ನೋಡಲು ಬಂದರು, ಬಂದವರು ಹೋಗಲಿಲ್ಲ. ತಾಕೋ ರೊಟ್ಟಿ ಮಾರುವ ಅಂಗಡಿಯ ಹೆಂಗಸು ಇಕ್ಕಳ ಹಿಡಿದುಕೊಂಡೇ ಬಂದು ಹೆಜ್ಜೆ ಹಾಕಿದಳು. ಟಿಕೆಟ್ ಕೊಳ್ಳದೆ ತಂತಿಬೇಲಿಯ ಆಚೆ ನಿಂತಿದ್ದ ಕುಟುಂಬಗಳು ಅಲ್ಲೇ ಜೋಡಿ ಕಟ್ಟಿಕೊಂಡವು. ದೋನ್ ಕೂಕೋ ಕಣ್ಣು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾರುತ್ತಿತ್ತು. ವೇಗ ಏರಿತು, ಇಳಿಯಿತು, ಯಂತ್ರ ನನ್ನ ಕೈಕೆಳಗೆ ಉಸಿರು ಹಿಡಿದು ಕಾದು ಅವರ ಹಿಂದೆಯೇ ನೆಗೆಯಿತು.

ವೇದಿಕೆಯ ಪಕ್ಕದಲ್ಲಿ ಬಿಳಿ ಕೋಟಿನ ಹೆಂಗಸೊಬ್ಬಳು ಕುಶಲ್‌ನ ಮುಖದ ಮುಂದೆ ಬೆರಳು ಆಡಿಸುತ್ತಿದ್ದಳು. ಡಬ್ಬಿಯ ಕಂಪನಿಯವಳು. ಏಳೋ ಎಂಟೋ ನಿಮಿಷವಾಗಿರಬೇಕು, ಸ್ಪೀಕರುಗಳು ಸತ್ತವು.

ಸದ್ದಿನಲ್ಲಿ ನನ್ನ ಪಾಲು ಹೋಯಿತು. ಹೆಡ್‌ಫೋನಿನೊಳಗೆ ಮಾತ್ರ ಬೇಸ್ ಇನ್ನೂ ನಿಷ್ಠೆಯಿಂದ ಓಡುತ್ತಿತ್ತು, ಕೇಳುವವಳು ನಾನೊಬ್ಬಳೇ. ಹೊರಗೆ ತಂಬೋರಾ, ಟ್ಯೂಬಾ, ನೂರಾರು ಜನರ ಹಿಮ್ಮಡಿ. ಯಾರೂ ನಿಲ್ಲಲಿಲ್ಲ. ನಾನಿಲ್ಲದೆಯೂ ನಡೆಯುತ್ತಿತ್ತು. ಅದು ಚುಚ್ಚಿತು, ಸುಳ್ಳೇಕೆ.

ಕುಶಲ್ ಮೆಟ್ಟಿಲು ಹತ್ತಿ ಬಂದ. ಬೆವರಿದ್ದ.

"ಮುಗೀತಲ್ಲ ಹುಬ್ಳಿ, ಸಾಕು. ನನ್ ಕೆಲ್ಸ ಹೋಗತ್ತೆ. ಅಂಕಲ್‌ಗೆ ನಿಲ್ಸೋಕೆ ಹೇಳು."

"ಅವರಿಗೆ ಹೇಳಿದ್ರ ಏನೂ ಆಗೂದಿಲ್ಲ."

"ಮತ್ತೆ ಯಾರಿಗೆ ಹೇಳ್ಲಿ?"

"ಕೆಳಗ ಕುಣ್ಯಾಕತ್ತಾರಲ್ಲ, ಅವರಿಗೆ ಹೇಳು. ಒಬ್ಬೊಬ್ಬರ ಕಡೆನೂ ಹೋಗಿ ಹೇಳು. ಅವರು ನಿಂತ್ರ ಇವರು ನಿಲ್ಲಸ್ತಾರ."

ಅವನು ಕೆಳಗೆ ನೋಡಿದ. "ಮುಂದಿನ ವರ್ಷ ನಿನ್ನ ಹೆಸರು ಲಿಸ್ಟಲ್ಲಿ ಇರಲ್ಲ, ಗೊತ್ತಲ್ಲ?"

"ಗೊತ್ತೈತಿ."

ಅವನು ವಾಕಿಟಾಕಿ ಬಾಯಿಯ ಹತ್ತಿರ ತಂದು, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡ. ಅಷ್ಟರಲ್ಲಿ ಬಿಸಿಲಿಗೆ ಕೆಲವರು ದಣಿಯುತ್ತಿದ್ದರು. ಬೂಟಿನ ಹುಡುಗಿಯರಲ್ಲಿ ಇಬ್ಬರು ಮೊಣಕಾಲು ಹಿಡಿದು ಬಗ್ಗಿದ್ದರು. ದೋನ್ ಕೂಕೋ ನಿಧಾನಿಸುತ್ತಿದ್ದರು. ಬೆರಳೆಣಿಕೆಯ ಕಾಲುಗಳು ಉಳಿದರೆ ಬಿಳಿ ಕೋಟು ಗೆಲ್ಲುತ್ತದೆ ಎಂದು ನನಗೆ ಕಂಡಿತು.

ಹೆಡ್‌ಫೋನ್ ತೆಗೆದಿಟ್ಟೆ. ಕಂಪ್ಯೂಟರನ್ನು ಅಲ್ಲೇ ಬಿಟ್ಟು ಮುಂಭಾಗದಿಂದ ಕೆಳಕ್ಕೆ ಜಿಗಿದೆ. ನನಗೆ ಕುಣಿಯಲು ಬರುವುದಿಲ್ಲ. ಲ್ಯಾಬಿಗೆ ಹಾಕಿಕೊಳ್ಳುವ ಕ್ಯಾನ್ವಾಸ್ ಶೂ, ಸದ್ದೇ ಬಾರದ ಅಡಿ. ಆದರೂ ಡೋಲಿನ ನೇರಕ್ಕೆ ನಿಂತು ತುಳಿಯತೊಡಗಿದೆ. ದೋನ್ ಕೂಕೋ ಕಣ್ಣು ನನ್ನ ಕಾಲಿಗೆ ಇಳಿಯಿತು. ನಾನು ಎಡವಿದಲ್ಲಿ ಡೋಲು ಎಡವಿತು, ಇಡೀ ಬಯಲೇ ನನ್ನ ಜೊತೆ ಒಂದು ಹೆಜ್ಜೆ ತಪ್ಪಿತು. ತಾಕೋ ಅಂಗಡಿಯವಳು ನನ್ನ ಮೊಣಕೈ ಹಿಡಿದು, "ಹಿಮ್ಮಡಿ, ಹಿಮ್ಮಡಿ," ಎಂದು ಗದರಿದಳು. ಬಗ್ಗಿದ್ದ ಹುಡುಗಿಯರು ನನ್ನ ಅವಸ್ಥೆ ನೋಡಿ ನಗುತ್ತ ಎದ್ದು ಬಂದರು.

ಮೇಲೆ ಮುಂದಿನ ಸರದಿಯವರು ತಮ್ಮ ಪೆಟ್ಟಿಗೆಗಳ ಮೇಲೆ ಕುಳಿತು ಕಾಯುತ್ತಿದ್ದರು. ನಮ್ಮ ಇಪ್ಪತ್ತೈದು ನಿಮಿಷ ಕಳೆಯಿತು. ಆಮೇಲೆ ಇನ್ನೂ ಐದು. ಎದೆ ಹೊಡೆದುಕೊಳ್ಳುತ್ತಿತ್ತು, ಬಲಗಾಲಿನ ಮೀನಖಂಡ ಹಿಡಿದುಕೊಂಡಿತ್ತು. ನಾನು ತುಳಿಯುವುದನ್ನು ಎಡಗಾಲಿಗೆ ಬದಲಿಸಿಕೊಂಡೆ.