ಮುಚ್ಚಿಟ್ಟ ತಟ್ಟೆ

"ದೇವರು ಕಾಣಿಸಿದ್ರಾ?" ಆಸ್ಪತ್ರೆಯ ಕೋಣೆಯೊಳಗೆ ಕಾಲಿಟ್ಟವಳೇ ಹೆಂಡತಿ ಕೇಳಿದಳು.

ಬೀಗ ರಿಪೇರಿ ಮಾಡುವ ಅವಳ ಗಂಡ ಕಣ್ಣಿಗೆ ಕಟ್ಟಿದ್ದ ಬಟ್ಟೆಯನ್ನು ಮಡಚುತ್ತ ಸೋಫಾದ ಮೇಲೆ ಕೂತಿದ್ದ. ಹೊಟ್ಟೆಯ ಗಡ್ಡೆ ಕೈಮೀರಿದೆ ಎಂದು ತಿಳಿದ ದಿನದಿಂದ ಸಾವಿನ ಭಯ ಅವನ ನಿದ್ದೆ ಕೆಡಿಸಿತ್ತು. ಆ ಭಯ ಇಳಿಸಲು ಅಣಬೆಯಿಂದ ತೆಗೆದ ಮಾತ್ರೆಯೊಂದಿದೆ, ನುಂಗಿದರೆ ಮನಸ್ಸಿನ ತಳದಲ್ಲಿರುವುದೆಲ್ಲ ಕಣ್ಣೆದುರು ಬರುತ್ತದೆ ಎಂದು ಡಾಕ್ಟರಮ್ಮ ಹೇಳಿದಾಗ ಎರಡು ಮಾತಾಡದೆ ಒಪ್ಪಿದ್ದ. ತನ್ನ ಮನಸ್ಸಿನ ತಳದಲ್ಲಿ ದೇವರಲ್ಲದೆ ಇನ್ಯಾರಿದ್ದಾರು? ಮದುವೆಯಾದಾಗಿನಿಂದ ಒಂದು ಸಂಜೆಯೂ ಪ್ರಾರ್ಥನೆ ತಪ್ಪಿಸಿದವನಲ್ಲ. ಅದು ಮುಗಿದ ಮೇಲೆಯೇ ಊಟ. ನಡುವೆ ಯಾರೂ ಬರಬಾರದೆಂದು, ಚಿಲಕ ಸಾಲದೆ, ಅಂಗಡಿಯಲ್ಲಿದ್ದ ಒಳ್ಳೆಯ ಬೀಗವನ್ನೇ ದೇವರ ಕೋಣೆಗೆ ಒಳಗಿನಿಂದ ಕೂರಿಸಿದ್ದ. ಹೋಗುವ ಮೊದಲು ಒಮ್ಮೆ ದೇವರನ್ನು ನೋಡಿಕೊಂಡು ಬರುತ್ತೇನೆ ಎಂದು ನೆಂಟರಿಷ್ಟರಿಗೆಲ್ಲ ಹೇಳಿಯೂ ಬಂದಿದ್ದ, ಪುಣ್ಯಾತ್ಮ.

ಇವತ್ತು ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಗೋಡೆಗಳು ಉಸಿರಾಡಿದವು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ ಮೇಲೆ ಬಣ್ಣಗಳಿಗೆ ಸದ್ದು ಬಂತು, ಆಮೇಲೆ ಆಕಾಶದೆತ್ತರದ ಬಾಗಿಲು ಕಂಡಿತು. ಕೈಯಿಟ್ಟರೆ ತಾನೇ ಕೂರಿಸಿದ ಬೀಗ. ತೆಗೆದ. ಒಳಗೆ ದೇವರಿಲ್ಲ, ಅವನದೇ ಅಡುಗೆಮನೆ. ಹೊಸದಾಗಿ ಮದುವೆಯಾಗಿ ಬಂದ ವಯಸ್ಸಿನ ಹೆಂಡತಿ ಎರಡು ತಟ್ಟೆ ಮುಚ್ಚಿಟ್ಟುಕೊಂಡು ಕೂತಿದ್ದಾಳೆ. ಮುಚ್ಚಳ ತೆಗೆದು ನೋಡುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ, ಮತ್ತೆ ಮುಚ್ಚುತ್ತಾಳೆ. ಮಾತ್ರೆಯ ಅಮಲು ಇಳಿಯುವವರೆಗೂ ಅಷ್ಟೇ.

ಅವಳೂ ತನ್ನ ಹಾಗೆ ಭಕ್ತಿಯಿಂದಲೇ ಊಟಕ್ಕೆ ಕಾಯುತ್ತಾಳೆ ಎಂದು ಅವನು ತಿಳಿದಿದ್ದ. ನಾಲ್ಕು ಜನರೆದುರು ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು. ಅವಳಿಗೆ ಹಸಿವಾಗುತ್ತಿತ್ತು ಎಂಬುದು ಈಗ, ಈ ಸೋಫಾದ ಮೇಲೆ ತಿಳಿಯಿತು.

"ನೀನು ಕಾಣಿಸಿದೆ," ಎಂದ.

"ನನ್ನ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?" ಅವಳು ನಕ್ಕು, ಊಟದ ಡಬ್ಬಿಯನ್ನು ಚೀಲದಿಂದ ತೆಗೆದಳು. "ಪ್ರಾರ್ಥನೆ ಹೊತ್ತಾಯ್ತು, ಮುಗಿಸ್ಕೊಳ್ಳಿ. ನಾನು ಹೊರಗೆ ಕೂತಿರ್ತೀನಿ."

"ಇವತ್ತು ಬೇಡ. ಮೊದ್ಲು ನೀನು ಊಟ ಮಾಡು."

ಅವಳು ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

"ಈ ಹೊತ್ತಿಗೆ ನಂಗೆ ಹಸಿವಾಗಲ್ಲ ರೀ," ಎಂದಳು ಮೆಲ್ಲಗೆ. "ಮೊದಮೊದ್ಲು ಆಗ್ತಿತ್ತು. ಆಮೇಲಾಮೇಲೆ ನಿಂತೇ ಹೋಯ್ತು."

ಅವನು ಡಬ್ಬಿ ತೆರೆದು ಒಂದು ಚಮಚ ತುಂಬಿ ಅವಳ ಮುಂದೆ ಹಿಡಿದ. ಅವನ ಮನಸ್ಸು ನೋಯಬಾರದೆಂದು ಅವಳು ಬಾಯಿಗಿಟ್ಟುಕೊಂಡು, ಬಹಳ ಹೊತ್ತು ಅಗಿದಳು. ಆಮೇಲೆ, ಎಂದಿನ ಅಭ್ಯಾಸದಂತೆ, ಡಬ್ಬಿಯ ಮುಚ್ಚಳ ಮುಚ್ಚಿದಳು.